ಅಡುಗೆಮನೆಯ ವಿನ್ಯಾಸ: ಒಂದು ಚಾರಿತ್ರಿಕ ವಿವೇಚನೆ

ಗೊತ್ತಾದ ಅಳತೆಯ ಕಪಾಟುಗಳನ್ನು ಕಾರ್ಖಾನೆಯಲ್ಲಿ ಸಿದ್ಧಪಡಿಸಿ ತಂದು ಜೋಡಿಸುವ ‘ಮಾಡ್ಯುಲರ್’ ಅಡುಗೆಮನೆ ಇಂದು ನಮ್ಮ ನಗರಗಳಲ್ಲಿ ಸಾಮಾನ್ಯವಾಗಿದೆ. ಇದರ ಪೂರ್ವರೂಪವೊಂದನ್ನು ೧೯೨೬ರ ಫ್ರಾಂಕ್‌ಫರ್ಟ್ ನಗರದಲ್ಲಿ ಕಾಣಬಹುದು.

ಮೊದಲನೆಯ ಮಹಾಯುದ್ಧಾನಂತರದ ವಸತಿಯ ಅಭಾವವನ್ನು ನೀಗಲು ಅಲ್ಲಿನ ನಗರಾಡಳಿತವು ಎರ್ನ್‌ಸ್ಟ್ ಮೇ ಎಂಬವರ ನೇತೃತ್ವದಲ್ಲಿ ಮನೆಗಳನ್ನು ಕಟ್ಟಿಸತೊಡಗಿತು. ಅವುಗಳಿಗಾಗಿ ಮಾರ್ಗರೆಟೆ ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಅಡುಗೆಮನೆಯ ಅಗಲ ಸುಮಾರು ೧.೯ ಮೀಟರು, ಉದ್ದ ೩.೪ ಮೀಟರು. ರೈಲಿನ ಭೋಜನಗಾಡಿಯ ಇಕ್ಕಟ್ಟಾದ ಅಡುಗೆಕೋಣೆ ಆಕೆಗೆ ಒಂದು ಮಾದರಿಯಾಗಿತ್ತು. ಕಾರ್ಖಾನೆಗಳಲ್ಲಿ ಕಾರ್ಮಿಕನ ಚಲನವಲನಗಳನ್ನು ಅಳೆಯುವಂತೆ ಇಲ್ಲಿ ಗೃಹಿಣಿಯ ಹೆಜ್ಜೆಗಳನ್ನು ಲೆಕ್ಕಹಾಕಿ, ಒಲೆ, ತೊಟ್ಟಿ, ಕಪಾಟುಗಳನ್ನು ಕೈಗೆಟಕುವಂತೆ ಅಳವಡಿಸಲಾಯಿತು. ಇಂಥ ಸುಮಾರು ೧೦,೦೦೦ ಅಡುಗೆಮನೆಗಳು ನಿರ್ಮಾಣಗೊಂಡವು.

ಹೆಜ್ಜೆಗಳು ಉಳಿದುವು, ಆದರೆ ಒಬ್ಬರಿಗೆ ಮಾತ್ರ ಹಿಡಿಸುವ ಆ ಕೋಣೆ ಎರಡನೆಯವರ ನೆರವಿಗೆ ಎಡೆಗೊಡಲಿಲ್ಲ. ಅದು ಸ್ತ್ರೀಯನ್ನು ಮನೆಯೊಳಗೇ ಒಂಟಿಯಾಗಿಸಿತೆಂದು ೧೯೭೦ರ ದಶಕದ ಸ್ತ್ರೀವಾದಿಗಳು ಆಕ್ಷೇಪಿಸಿದರು. ನಡುಗೋಡೆಯನ್ನು ತೆಗೆದು ಅಡುಗೆಮನೆಯನ್ನು ಹಜಾರದೊಡನೆ ಸೇರಿಸುವ ಇಂದಿನ ರೂಢಿ ಈ ಆಕ್ಷೇಪಕ್ಕೆ ಕೊಟ್ಟ ಉತ್ತರದಂತೆ ತೋರುತ್ತದೆ. ನಮ್ಮಲ್ಲಿ ಒಗ್ಗರಣೆಯ ಘಾಟಿನ ಕಾರಣ ಹೊಗೆ ಹೀರುವ ಚಿಮಣಿಯೂ ಅದರ ಜೊತೆಗೆ ಬಂದಿದೆ.

ಗೋಡೆ ಹೋದ ಮಾತ್ರಕ್ಕೆ ಹೊರೆ ಹಂಚಿಹೋಗುವುದೆ? ಭಾರತದ ೨೦೧೯ರ ಕಾಲವಿನಿಯೋಗ ಸಮೀಕ್ಷೆಯಂತೆ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ, ಅದರಲ್ಲಿ ತೊಡಗಿದ ಪುರುಷರು ೯೭ ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಿದ್ದರು. ಆದುದರಿಂದ ಅಡುಗೆಮನೆಯ ಚರಿತ್ರೆಯನ್ನು ಬರೆಯುವವರು ಕಪಾಟುಗಳ ನಕ್ಷೆಯೊಡನೆ, ಅವುಗಳ ಮುಂದೆ ನಿಂತು ದುಡಿದವರು ಯಾರೆಂಬುದನ್ನೂ ಗುರುತಿಸಬೇಕಾದುದು ಅವಶ್ಯ.