ಮೋಟಾರು ಎಂಜಿನಿನ ತೈಲ-ಟ್ಯಾಪೆಟ್ಟು

ಯಾದಗಿರಿಗೆ ರೈಲುಮಾರ್ಗವುಂಟು, ಶಹಾಪುರ, ಸುರಪುರ ಪಟ್ಟಣಗಳಿಗಿಲ್ಲ. ಈ ಮೂರು ಊರುಗಳ ಪರಸ್ಪರ ಸಂಪರ್ಕವು ರಸ್ತೆಯ ವಾಹನಗಳನ್ನೇ ಅವಲಂಬಿಸಿರುವುದರಿಂದ, ಎಂಜಿನಿನ ಟಕಟಕ ಶಬ್ದವು ಇಲ್ಲಿ ಯಾರಿಗೂ ಹೊಸದಲ್ಲ. ಇತಿಹಾಸದ ಅಧ್ಯಾಪಕರಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೈಯ ಕುಶಲತೆಯೊಂದು ಯಂತ್ರದೊಳಗೆ ಅಡಗಿಹೋದ ಬಗೆಯೂ ಇತಿಹಾಸವೇ ಎಂದು ನಮ್ಮ ಭಾವನೆ.

ಎಂಜಿನು ಕಾದಾಗ ಕವಾಟದ ದಂಡವು ಹಿಗ್ಗುತ್ತದೆ. ಅದಕ್ಕೆ ಎಡೆಯಿಲ್ಲದಿದ್ದರೆ ಕವಾಟವು ಪೀಠದ ಮೇಲೆ ಪೂರ್ಣವಾಗಿ ಕೂಡದು; ಉರಿಯುವ ಅನಿಲವು ಸಂದಿಯಲ್ಲಿ ನುಸುಳಿ ಅದರ ಅಂಚನ್ನು ಸುಡುವುದು. ಎಡೆ ಹೆಚ್ಚಾದರೆ ಶಬ್ದವೂ ಸವೆತವೂ ತಪ್ಪವು. 2014ರವರೆಗೆ ತಯಾರಾದ ಅಂಬಾಸಡರ್ ಕಾರಿನ ಪೆಟ್ರೋಲ್ ಎಂಜಿನಿನಲ್ಲಿ ಮೇಸ್ತ್ರಿಯು ಫೀಲರ್ ಗೇಜನ್ನು ತೂರಿಸಿ, ತಿರುಪನ್ನು ತಿರುಗಿಸಿ ಸುಮಾರು 0.38 ಮಿಲಿಮೀಟರಿನ ಎಡೆಯನ್ನು ಇಡುತ್ತಿದ್ದನು. 1930ರಲ್ಲಿಯೇ ಅಮೆರಿಕದ ಕ್ಯಾಡಿಲಾಕ್ ಸಂಸ್ಥೆಯು ತನ್ನ 16 ಸಿಲಿಂಡರುಗಳ ಕಾರಿನಲ್ಲಿ ಈ ಕೆಲಸವನ್ನು ತೈಲಕ್ಕೆ ಒಪ್ಪಿಸಿತ್ತು.

ತೈಲ-ಟ್ಯಾಪೆಟ್ಟು ಒಂದು ಚಿಕ್ಕ ಉಕ್ಕಿನ ಕೊಳವೆ. ಅದರೊಳಗೆ ಒಂದು ಕೊಂತ, ಕೊಂತದ ಕೆಳಗೆ ಸ್ಪ್ರಿಂಗು, ನಡುವೆ ಒಂದು ಗುಂಡು. ಭೀಮಾತೀರದ ರೈತರ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಹೇಗೆ ನೀರನ್ನು ಒಳಗೆ ಬಿಟ್ಟು ಹಿಂದಕ್ಕೆ ಹೋಗಗೊಡದೋ, ಈ ಗುಂಡೂ ತೈಲದ ವಿಷಯದಲ್ಲಿ ಹಾಗೆಯೇ. ಕ್ಯಾಮು ಮೇಲೆತ್ತಿದೊಡನೆ ಗುಂಡು ದ್ವಾರವನ್ನು ಮುಚ್ಚುತ್ತದೆ. ಸೆರೆಯಾದ ತೈಲವು ಸಂಕುಚಿಸಲಾರದಾದ್ದರಿಂದ ಉಕ್ಕಿನ ಸರಳಿನಂತೆ ನಿಂತು ಕವಾಟವನ್ನು ತೆರೆಯುತ್ತದೆ. ಕ್ಯಾಮು ಇಳಿದಾಗ ಸ್ಪ್ರಿಂಗು ಕೊಂತವನ್ನು ಮೇಲೆ ನೂಕಿ ಎಡೆಯನ್ನು ಅಳಿಸುವುದು. ಆಗ ಹೊಸ ತೈಲವು ಒಳಸೇರುವುದು.

ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ತೈಲವು ಒಂದಿಷ್ಟೂ ಸೋರಬಾರದೆಂದು ಅವರು ತಿಳಿಯುತ್ತಾರೆ. ಹಾಗಿದ್ದರೆ ಟ್ಯಾಪೆಟ್ಟು ಉದ್ದವಾಗಬಲ್ಲದೇ ಹೊರತು ಗಿಡ್ಡವಾಗಲಾರದು. ಕಾದು ಹಿಗ್ಗಿದ ಕವಾಟವು ಮುಚ್ಚದೆ ಉಳಿಯುವುದು. ಕೊಂತಕ್ಕೂ ಕೊಳವೆಗೂ ನಡುವೆ ಕೆಲವೇ ಮೈಕ್ರಾನುಗಳ ಸಂದಿಯನ್ನು ಬೇಕೆಂದೇ ಬಿಟ್ಟಿದೆ. ಪ್ರತಿ ಒತ್ತಡಕ್ಕೂ ಅಲ್ಲಿಂದ ಕಿಂಚಿತ್ ತೈಲ ಜಾರುತ್ತದೆ. ಈ ಸೋರಿಕೆಯು ದೋಷವಲ್ಲ, ಉಪಕರಣದ ಜೀವಾಳ.

ಫುಟ್‌ವಾಲ್ವ್ ಸೋರಿದರೆ ರಾತ್ರಿ ಪೈಪು ಬರಿದಾಗಿ ಬೆಳಿಗ್ಗೆ ನೀರು ಹೊಯ್ಯಬೇಕಾಗುವುದಷ್ಟೆ. ನಿಂತ ಕಾರಿನ ಟ್ಯಾಪೆಟ್ಟಿನಲ್ಲಿಯೂ ತೈಲವಿಳಿದು, ಮುಂಜಾನೆ ಎಂಜಿನು ಹೊರಟಾಗ ಕೆಲವು ಕ್ಷಣ ಸದ್ದಾಗುವುದುಂಟು. ಎಂಜಿನು ಕಾದ ಮೇಲೂ ಸದ್ದು ನಿಲ್ಲದಿದ್ದರೆ ಮೊದಲು ತೈಲದ ಮಟ್ಟವನ್ನು ನೋಡತಕ್ಕದ್ದು. ಕಡಮೆಯಾದರೆ ಪಂಪು ಗಾಳಿಯನ್ನು ಹೀರುವುದು, ಮಿತಿಮೀರಿದರೆ ತೈಲವು ನೊರೆಯಾಗುವುದು; ಗಾಳಿಯಾದರೋ ಸಂಕುಚಿಸುವ ವಸ್ತು. ಮಟ್ಟ ಸರಿಯಿದ್ದರೆ ತೈಲದ ಕೊಳೆಯನ್ನು ಶಂಕಿಸಬೇಕು. ಮೈಕ್ರಾನಿನ ಸಂದಿಗೆ ಕೊಳೆಯೇ ಶತ್ರು. ಇಂದಿನ ಎಲ್ಲ ಕಾರುಗಳಲ್ಲಿಯೂ ಈ ಟ್ಯಾಪೆಟ್ಟು ಇಲ್ಲ. ಇರುವಲ್ಲಿ ಮೇಸ್ತ್ರಿಯು ಫೀಲರ್ ಗೇಜು ಹಿಡಿದು ಹುಡುಕಿದರೂ ತಿರುಗಿಸತಕ್ಕ ತಿರುಪು ಸಾಮಾನ್ಯವಾಗಿ ದೊರೆಯದು.