ದಾರಿ ಕೇಳಿದವರಿಗೆ ಹೂವಿನ ಚಿತ್ರ

ಕಾಸರಗೋಡು ಸೀಮೆಯ ಶಾಲೆಗಳಿಗೆ ಮೈಸೂರು–ಊಟಿ ಪ್ರವಾಸವೆಂಬುದು ತಲೆಮಾರುಗಳಿಂದ ನಡೆದುಬಂದ ವಾಡಿಕೆ. ನಾವು ವಿದ್ಯಾರ್ಥಿಗಳಾಗಿದ್ದ ಕಾಲದಲ್ಲಿ ಬಸ್ಸಿನ ಚಾಲಕರೇ ಮಾರ್ಗದರ್ಶಕರು. ಯಾವ ಘಟ್ಟವನ್ನು ಎಷ್ಟು ಹೊತ್ತಿಗೆ ಇಳಿಯಬೇಕು, ಎಲ್ಲಿ ಊಟ ಸಿಕ್ಕೀತು ಎಂಬುದೆಲ್ಲ ಅವರಿಗೆ ಕಂಠಸ್ಥ. ಈಗ ಆ ಸ್ಥಾನವನ್ನು ಜಾಲತಾಣಗಳು ಆಕ್ರಮಿಸಿವೆ. 2024ರ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಏಳನೆಯ ತರಗತಿಯ ನಲವತ್ತೊಂದು ಮಕ್ಕಳನ್ನು ಕರೆದುಕೊಂಡು ನೀಲಗಿರಿಗೆ ಹೊರಟಾಗ ನಾವೂ ಜಾಲತಾಣವನ್ನೇ ನಂಬಿದ್ದೆವು.

ರಾತ್ರಿಯ ವಾಸ್ತವ್ಯಕ್ಕೆ ಮಸಿನಗುಡಿಯ ಒಂದು ವಸತಿಗೃಹವನ್ನು ಗೊತ್ತುಮಾಡಿದ್ದೆವು. ಅದರ ಜಾಲತಾಣವಾದರೋ ಕಣ್ಣಿಗೆ ಹಬ್ಬ! ಮಂಜು ಮುಸುಕಿದ ಬೆಟ್ಟ, ಮರಿಯೊಡನೆ ನಿಂತ ಆನೆ, ಬಣ್ಣಬಣ್ಣದ ಹೂವುಗಳು. ಅವುಗಳ ಕೆಳಗೆ ಒಂದೇ ಸಾಲು: ಊಟಿಯಿಂದ 30 ಕಿಲೋಮೀಟರು, ಒಂದು ಗಂಟೆಯ ಪ್ರಯಾಣ. ಆ ಸಾಲನ್ನು ನಂಬಿ, ಉದ್ಯಾನ, ಸರೋವರ ಎಲ್ಲವನ್ನೂ ನೋಡಿ ಮುಗಿಸಿ ಸಂಜೆ ಐದೂವರೆಗೆ ಊಟಿಯನ್ನು ಬಿಟ್ಟೆವು. ತಲೈಕುಂದದ ಕೂಡುರಸ್ತೆಯಲ್ಲಿ ಪೊಲೀಸರು ಬಸ್ಸನ್ನು ತಡೆದರು. ಕಲ್ಹಟ್ಟಿ ಘಟ್ಟದಲ್ಲಿ ಮೂವತ್ತಾರು ಕಡಿದಾದ ತಿರುವುಗಳಿವೆ; 2018ರಲ್ಲಿ ಪ್ರವಾಸಿಗರ ಕಾರೊಂದು ಅಲ್ಲಿ ಕಣಿವೆಗುರುಳಿ ಐವರು ಮಡಿದ ತರುವಾಯ ಹೊರಗಿನ ಪ್ರವಾಸಿ ವಾಹನಗಳು ಆ ದಾರಿಯಾಗಿ ಇಳಿಯದಂತೆ ನಿರ್ಬಂಧಿಸಲಾಯಿತು. ಪೊಲೀಸರು ಸೌಜನ್ಯದಿಂದಲೇ ಹೇಳಿದರು: ಗೂಡಲೂರಿಗೆ ಹೋಗಿ, ತೆಪ್ಪಕಾಡಿನ ಮೂಲಕ ಮಸಿನಗುಡಿಗೆ ಬನ್ನಿ. ಆ ದಾರಿ ನಾವೆಣಿಸಿದುದರ ಇಮ್ಮಡಿಗೂ ಮಿಕ್ಕಿದ್ದು.

ಕತ್ತಲಾಯಿತು. ಗೂಡಲೂರು ಘಟ್ಟದ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳತೊಡಗಿದರು. ಎರಡು ಬಾರಿ ಬಸ್ಸನ್ನು ನಿಲ್ಲಿಸಬೇಕಾಯಿತು. ವಸತಿಗೃಹಕ್ಕೆ ತಿಳಿಸೋಣವೆಂದರೆ ಮೊಬೈಲಿಗೆ ಸಂಪರ್ಕವಿಲ್ಲ. ಅಷ್ಟರಲ್ಲಿ ಚಾಲಕರು, “ಸರ್, ಒಂಬತ್ತಕ್ಕೆ ಕಾಡಿನ ಗೇಟು ಹಾಕುತ್ತಾರೆ” ಎಂದರು. ಬಂಡೀಪುರ–ಮುದುಮಲೆ ಅರಣ್ಯದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರವನ್ನು ನಿಷೇಧಿಸಿದ್ದು 2009ರಲ್ಲಿ. ಸಂಗತಿ ನಮಗೆ ತಿಳಿಯದುದಲ್ಲ, ಪತ್ರಿಕೆಗಳಲ್ಲಿ ಓದಿದ್ದೆವು. ಆದರೆ ಒಂದು ಗಂಟೆಯ ಪ್ರಯಾಣಕ್ಕೆ ಅದು ಅಡ್ಡಬಂದೀತೆಂದು ಯೋಚಿಸಿರಲಿಲ್ಲ. ತೊರಪಳ್ಳಿಯ ತಪಾಸಣಾ ಠಾಣೆಯನ್ನು ದಾಟಿದಾಗ ಎಂಟು ಗಂಟೆ ನಲವತ್ತು ನಿಮಿಷ. ಇನ್ನು ಇಪ್ಪತ್ತು ನಿಮಿಷ ತಡವಾಗಿದ್ದರೆ ಹಸಿದ ನಲವತ್ತೊಂದು ಮಕ್ಕಳೊಡನೆ ರಸ್ತೆಯ ಬದಿಯಲ್ಲಿ ಬೆಳಗು ಮಾಡಬೇಕಾಗುತ್ತಿತ್ತು. ಚಾಲಕರನ್ನು ಮೊದಲೇ ವಿಚಾರಿಸದೆ ಹೊರಟ ತಪ್ಪು ನಮ್ಮದೂ ಹೌದು. ಅದನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಹೇಳುತ್ತೇವೆ.

ಮರುವರ್ಷದ ಬೇಸಿಗೆ ರಜೆಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಬೆಂಗಳೂರಿನಲ್ಲಿ ಜಾಲತಾಣಗಳನ್ನು ರೂಪಿಸುವುದೇ ಅವನ ವೃತ್ತಿ. ಕೋತಗಿರಿಯ ಕಡೆಯ ಒಂದು ಹೋಂ ಸ್ಟೇಗಾಗಿ ಸಿದ್ಧಪಡಿಸುತ್ತಿದ್ದ ತಾಣವನ್ನು ತೋರಿಸಿ, “ಹೇಗುಂಟು ಮಾಸ್ಟ್ರೇ?” ಎಂದು ಕೇಳಿದ. ಮೊದಲ ಪುಟದಲ್ಲಿ ಪುನಃ ಅದೇ ಮಂಜು, ಅದೇ ಹೂವು. “ಚೆಂದ ಉಂಟು ಮಾರಾಯಾ, ಆದರೆ ದಾರಿ ಎಲ್ಲಿದೆ?” ಎಂದೆವು. ಅವನ ಪುಟವನ್ನು ಕಾಗದದ ಮೇಲೆ ಮುದ್ರಿಸಿ ತರಿಸಿ, ಪ್ರಬಂಧವನ್ನು ತಿದ್ದುವಂತೆ ಕೆಂಪು ಶಾಯಿಯಲ್ಲಿ ತಿದ್ದತೊಡಗಿದೆವು. ಇದು ನಮ್ಮ ವೃತ್ತಿದೋಷ, ಓದುಗರು ಮನ್ನಿಸಬೇಕು.

1834ರಲ್ಲಿ ಕಲ್ಕತ್ತೆಯಲ್ಲಿ ರಾಬರ್ಟ್ ಬೈಕಿ ಎಂಬ ವೈದ್ಯನು ನೀಲಗಿರಿಯನ್ನು ಕುರಿತು ಬರೆದ ಗ್ರಂಥವೊಂದು ಪ್ರಕಟವಾಯಿತು. ಆ ಕಾಲದ ಪದ್ಧತಿಯಂತೆ ಅದರ ಶೀರ್ಷಿಕೆಯೇ ಒಂದು ಪುಟದಷ್ಟು ಉದ್ದ. ಬೆಟ್ಟಗಳ ಹವೆ, ಮಣ್ಣು, ಬೆಳೆ ಎಂದು ಮೊದಲಾಗಿ, ಬೆಟ್ಟಗಳನ್ನು ಏರುವ ದಾರಿಗಳ ನಕ್ಷೆ, ಮಾರ್ಗಗಳ ಕೋಷ್ಟಕ ಇವೆಲ್ಲ ಪುಸ್ತಕದಲ್ಲಿವೆಯೆಂದು ಶೀರ್ಷಿಕೆಯಲ್ಲಿಯೇ ಸಾರಿದೆ. ಸುಂದರ ದೃಶ್ಯಗಳ ಚಿತ್ರಗಳೂ ಅದರಲ್ಲಿದ್ದವು. ಅನಾರೋಗ್ಯಪೀಡಿತನಾಗಿ ಬೆಟ್ಟವನ್ನೇರುವ ಬಿಳಿಯನಿಗೆ ಮೊದಲು ಬೇಕಾದದ್ದು ದಾರಿ ಎಂಬುದು ಆ ವೈದ್ಯನಿಗೆ ಗೊತ್ತಿತ್ತು. ಇನ್ನೂರು ವರ್ಷಗಳು ತುಂಬುವ ಹೊತ್ತಿಗೆ ನಾವು ಚಿತ್ರಗಳನ್ನು ಇರಿಸಿಕೊಂಡು ಕೋಷ್ಟಕವನ್ನು ಕೈಬಿಟ್ಟಿದ್ದೇವೆ.

ಕೋಷ್ಟಕವೆಂದರೆ ಬರಿಯ ಕಿಲೋಮೀಟರುಗಳಲ್ಲ. ಮೆಟ್ಟುಪಾಳ್ಯದಿಂದ ಊಟಿಗೆ ಹೋಗುವ ಬೆಟ್ಟದ ರೈಲಿನ ಹಾದಿ 46 ಕಿಲೋಮೀಟರು. ಇಷ್ಟನ್ನೇ ಬರೆದರೆ ಓದಿದವರು ಗಂಟೆಯೊಳಗೆ ತಲಪುವೆವೆಂದು ಭಾವಿಸುವರು. ಹಲ್ಲುಹಳಿಯನ್ನು ಕಚ್ಚಿಕೊಂಡು ಏರುವ ಆ ರೈಲಿಗೆ ಸುಮಾರು ಐದು ಗಂಟೆ ಬೇಕು. ಆದುದರಿಂದ ಬೆಟ್ಟದ ಊರಿನ ತಾಣದಲ್ಲಿ ದೂರದ ಬದಲು ಕಾಲವನ್ನು ಬರೆಯಬೇಕು. ಕಾರಿಗೆ ಎಷ್ಟು, ದೊಡ್ಡ ಬಸ್ಸಿಗೆ ಎಷ್ಟು ಎಂದು ಪ್ರತ್ಯೇಕವಾಗಿ. ಯಾವ ದಾರಿಯಲ್ಲಿ ಯಾವ ವಾಹನಕ್ಕೆ ಪ್ರವೇಶವಿಲ್ಲ, ಗೇಟು ಎಷ್ಟು ಗಂಟೆಗೆ ಮುಚ್ಚುವುದು ಎಂಬುದು ಅದರ ಪಕ್ಕದಲ್ಲಿಯೇ ಇರಬೇಕು. ಹೆಸರುಗಳ ತೊಡಕೂ ಉಂಟು: ಜನರ ಬಾಯಲ್ಲಿ ಊಟಿ, ಹಳೆಯ ಪುಸ್ತಕಗಳಲ್ಲಿ ಒಟಕಮಂಡ್, ರೈಲ್ವೆಯ ಪಟ್ಟಿಯಲ್ಲಿ ಉದಗಮಂಡಲಂ. ಯಾವ ಹೆಸರನ್ನು ಬರೆದು ಹುಡುಕಿದರೂ ಪುಟ ತೆರೆಯುವಂತಿರಬೇಕು. ಒಂದೇ ಊರನ್ನು ಮೂರು ಬಗೆಯಲ್ಲಿ ಬರೆಯುವ ಕಷ್ಟ ಗಡಿನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ಮದ್ರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ವಾಹನದ ಸಂಖ್ಯೆ, ಬರುವ ದಿನ, ಜನರ ಸಂಖ್ಯೆ, ತಂಗುವ ಸ್ಥಳ ಇವನ್ನು ಮೊದಲೇ ತುಂಬಿಸಬೇಕು. ಸರಕಾರಿ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಬರುವವರಿಗೆ ಇದರ ಅಗತ್ಯವಿಲ್ಲ. 2025ರ ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿಯನ್ನೂ ನ್ಯಾಯಾಲಯ ವಿಧಿಸಿತು. ಇಂತಹ ನಿಯಮವಿರುವಾಗ ಕೋಣೆಯನ್ನು ಮಾರುವ ತಾಣವು ಹಣವನ್ನು ಪಡೆಯುವ ಮೊದಲು ಪಾಸಿನ ಮಾತನ್ನು ಹೇಳಬೇಕೇ, ಪಡೆದ ಮೇಲೆಯೇ? ಶಿಷ್ಯನನ್ನು ಇದನ್ನೇ ಕೇಳಿದೆವು. “ಮೊದಲೇ ಹೇಳಿದರೆ ಗಿರಾಕಿ ಹೆದರಿ ಓಡುತ್ತಾನೆ ಎನ್ನುತ್ತಾರೆ ಮಾಲಿಕರು” ಎಂದ. ಹೇಳದಿದ್ದರೆ ಅವನು ತಪಾಸಣಾ ಠಾಣೆಯಲ್ಲಿ ಹೆಂಡತಿಮಕ್ಕಳ ಎದುರು ತಲೆತಗ್ಗಿಸಿ ನಿಲ್ಲುತ್ತಾನೆ. ಅವನು ಮತ್ತೆ ಆ ಮನೆಗೆ ಬಂದಾನೆಯೇ?

ಹಣದ ವಿಚಾರಕ್ಕೆ ಬಂದರೆ ನಮಗೆ ಇನ್ನೂ ಸಿಟ್ಟು ಇಳಿದಿಲ್ಲ. ಮಸಿನಗುಡಿಯ ಆ ತಾಣದಲ್ಲಿ ಮೊದಲು ಕಂಡ ಬಾಡಿಗೆಗೂ ಕೊನೆಗೆ ಕೊಟ್ಟ ಮೊತ್ತಕ್ಕೂ ಹೋಲಿಕೆಯೇ ಇರಲಿಲ್ಲ. ಒಂದೊಂದು ಪುಟಕ್ಕೆ ಒಂದೊಂದು ಶುಲ್ಕ ಸೇರಿಕೊಳ್ಳುತ್ತ ಹೋಯಿತು. “ಇನ್ನೆರಡೇ ಕೋಣೆಗಳು ಉಳಿದಿವೆ, ಬೇಗ ಮಾಡಿ” ಎಂಬ ಕೆಂಪಕ್ಷರ ಬೇರೆ. ಹೋಗಿ ನೋಡಿದರೆ ಅರ್ಧ ಮನೆ ಬರಿದು. ಭಾರತ ಸರಕಾರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂತಹ ಹದಿಮೂರು ಕಪಟಗಳನ್ನು ಹೆಸರಿಸಿ ನಿಷೇಧಿಸಿದೆ. ಹುಸಿ ಅವಸರ, ಕೇಳದ ಸಾಮಾನನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಹನಿಹನಿಯಾಗಿ ಬಯಲು ಮಾಡುವುದು ಮುಂತಾದವು ಅದರಲ್ಲಿವೆ. 2020ರ ನಿಯಮಗಳಂತೆ ಇಂತಹ ತಾಣಗಳು ದೂರು ಕೇಳುವ ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು. ಆತನು ನಲವತ್ತೆಂಟು ಗಂಟೆಗಳೊಳಗೆ ದೂರು ಮುಟ್ಟಿತೆಂದು ತಿಳಿಸಿ, ತಿಂಗಳೊಳಗೆ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇದನ್ನು ಓದುಗರು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ನಷ್ಟವಿಲ್ಲ.

ಪುಟವನ್ನು ಕೊನೆಯ ಬಾರಿ ತಿದ್ದಿದ ದಿನಾಂಕವೂ ಕಾಣಬೇಕೆಂದು ಬರೆದೆವು. ಶಿಷ್ಯ ನಕ್ಕ. ಮಸಿನಗುಡಿಯ ಆಸುಪಾಸಿನ ಆನೆದಾರಿಯಲ್ಲಿದ್ದ ವಸತಿಗೃಹಗಳಿಗೆ ಬೀಗಮುದ್ರೆ ಹಾಕುವಂತೆ ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿದ್ದು 2018ರ ಆಗಸ್ಟಿನಲ್ಲಿ. ಆನೆದಾರಿಯ ಅಧಿಸೂಚನೆಯನ್ನು ಎತ್ತಿಹಿಡಿದ ತೀರ್ಪು 2020ರ ಅಕ್ಟೋಬರ್ 14ರದು. ಮನೆಗೆ ಬೀಗ ಬೀಳಬಹುದು, ಪುಟಕ್ಕೆ ತಾನಾಗಿ ಬೀಳುವುದಿಲ್ಲ. ದಿನಾಂಕವಿಲ್ಲದ ಪುಟವನ್ನು ನಂಬಿ ಮುಂಗಡ ಕಳುಹಿಸುವವರ ಗತಿಯೇನು?

ಭಾಷೆಯ ವಿಚಾರದಲ್ಲಿ ಮಾತ್ರ ನಮಗೂ ಶಿಷ್ಯನಿಗೂ ವಾದ ನಡೆಯಿತು. ಇಂಗ್ಲಿಷೊಂದು ಸಾಕೆಂದು ಅವನು. ಮೂರು ರಾಜ್ಯಗಳು ಕೂಡುವ ಸೀಮೆಯದು. ಗುಂಡ್ಲುಪೇಟೆಯಿಂದ ಕನ್ನಡಿಗರೂ ವಯನಾಡಿನಿಂದ ಮಲಯಾಳಿಗಳೂ ಏರಿಬರುತ್ತಾರೆ. ದೊಡ್ಡಬೆಟ್ಟವೆಂಬ ಹೆಸರೇ ಕನ್ನಡದ ಕಿವಿಗೆ ಅನುವಾದ ಬೇಡದ ಮಾತು. ಅಲ್ಲಿನ ಬಡಗರ ನುಡಿ ಕನ್ನಡಕ್ಕೆ ಅತಿ ಸಮೀಪದ್ದು. ವರ್ಣನೆ ಯಾವ ಭಾಷೆಯಲ್ಲಿದ್ದರೂ ಇರಲಿ, ಎಚ್ಚರಿಕೆಯ ಹತ್ತು ಸಾಲುಗಳಾದರೂ ತಮಿಳು, ಕನ್ನಡ, ಮಲಯಾಳ, ಇಂಗ್ಲಿಷುಗಳಲ್ಲಿ ಇರಬೇಕೆಂದು ನಾವು ಹಟ ಹಿಡಿದೆವು. ಅದೂ ಚಿತ್ರದೊಳಗೆ ಕೆತ್ತಿದ ಅಕ್ಷರಗಳಲ್ಲ, ಸಾಮಾನ್ಯ ಅಕ್ಷರಗಳು: ಅವು ದುರ್ಬಲ ಸಂಪರ್ಕದಲ್ಲಿಯೂ ಬೇಗ ತೆರೆಯುತ್ತವೆ, ಕಣ್ಣಿಲ್ಲದವರಿಗೆ ಯಂತ್ರವು ಓದಿ ಹೇಳಬಲ್ಲುದು. ಸಂಪರ್ಕವೇ ಇಲ್ಲದ ಕಾಡಿನಲ್ಲಿ ತೆಗೆದು ನೋಡಲು ಆ ಒಂದು ಪುಟವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳುವ ಅನುಕೂಲವೂ ಇರಲಿ ಎಂದೆವು. ಇದಕ್ಕೆ ಅವನು ಕೂಡಲೇ ಒಪ್ಪಿದ.

ಹದಿನೈದು ದಿನಗಳ ಬಳಿಕ ತಿದ್ದಿದ ತಾಣವನ್ನು ತಂದ. ಡೆನ್ಮಾರ್ಕ್ ಮೂಲದ ಯಾಕೋಬ್ ನೀಲ್ಸನ್ ಎಂಬ ತಜ್ಞರು, ಜಾಲತಾಣದ ದೋಷಗಳಲ್ಲಿ ಹೆಚ್ಚಿನವನ್ನು ಕಾಣಲು ಐದು ಜನರಿಂದ ಪರೀಕ್ಷಿಸಿದರೆ ಸಾಕೆಂದು 2000ದಲ್ಲಿಯೇ ಬರೆದಿದ್ದಾರಂತೆ. ಐದು ಜನರನ್ನು ನಾವೇ ಒದಗಿಸಿದೆವು: ಶಾಲೆಯ ಬಿಸಿಯೂಟದ ಅಡುಗೆಯಾಕೆ, ನಿವೃತ್ತ ಅಂಚೆಯವರು, ಬಸ್ಸಿನ ಚಾಲಕರು, ಎಂಟನೆಯ ತರಗತಿಯ ಹುಡುಗಿ, ಮತ್ತು ನಮ್ಮ ಮನೆಯವರು. ಯಾರಿಗೂ ಏನನ್ನೂ ಹೇಳಿಕೊಡಬಾರದು, ಸುಮ್ಮನೆ ನೋಡುತ್ತಿರಬೇಕು ಎಂಬುದು ಶಿಷ್ಯನ ನಿಯಮ. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಸುಮ್ಮನಿರುವುದೇ ಕಠಿಣವಾಯಿತು.

ನಾಲ್ವರು ಕೋಣೆಯನ್ನು ಗೊತ್ತುಮಾಡುವವರೆಗೂ ಸಾಗಿದರು. ಅಡುಗೆಯಾಕೆ ಮಾತ್ರ ಮೊದಲ ಪುಟದಲ್ಲಿಯೇ ನಿಂತರು. ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿ, ಮೊಬೈಲನ್ನು ಹಿಂದಕ್ಕೆ ಕೊಡುತ್ತ, “ಕಾರಿದ್ದವರದ್ದೆಲ್ಲ ಇದರಲ್ಲಿ ಉಂಟು. ನಾವು ಬಸ್ಸಿನಲ್ಲಿ ಹೋದರೆ ಎಲ್ಲಿ ಇಳಿಯಬೇಕು?” ಎಂದು ಕೇಳಿದರು.

ಶಿಷ್ಯ ನಮ್ಮ ಮುಖ ನೋಡಿದ. ನಮ್ಮ ಕೆಂಪು ಶಾಯಿಗೂ ಅದು ಹೊಳೆದಿರಲಿಲ್ಲ. ಅವನು ಅಲ್ಲಿಯೇ ಜಗಲಿಯಲ್ಲಿ ಕುಳಿತು ಕೋತಗಿರಿಗೆ ಫೋನು ಮಾಡಿ, ನಿಲ್ದಾಣದ ಹೆಸರನ್ನೂ ಕೊನೆಯ ಬಸ್ಸಿನ ಹೊತ್ತನ್ನೂ ಕೇಳಿ ಬರೆದುಕೊಂಡ.