ಮೊಣಕೈ ನೋವು: ಮಾತ್ರೆಗಿಂತ ನೀರಿನ ಬಾಟಲಿ ಮೇಲು



ಹೃದಯದ ಡಾಕ್ಟರು ಮೊಣಕೈ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಅನ್ನಿಸಬಹುದು. ಕಾರಣ ಎರಡು. ಎಡಗೈ ನೋವು ಬಂದ ಕೂಡಲೇ ಹಾರ್ಟ್ ಅಟ್ಯಾಕ್ ಎಂದು ಹೆದರಿ ಬರುವವರಲ್ಲಿ ಕೆಲವರಿಗೆ ಇರುವುದು ‘ಟೆನಿಸ್ ಎಲ್ಬೋ’. ಇನ್ನು ಕೆಲವರು ಹೃದಯದ ಔಷಧಿ ತೆಗೆದುಕೊಳ್ಳುತ್ತಲೇ, ಮೊಣಕೈಗೆಂದು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ವಾರಗಟ್ಟಲೆ ನುಂಗುತ್ತಾರೆ. ಮೊದಲನೆಯದು ಬರೀ ಭಯ. ಎರಡನೆಯದು ನಿಜವಾದ ಅಪಾಯ.

*ಇದು ಏನು?*

ಮೊಣಕೈಯ ಹೊರಬದಿಯಲ್ಲಿ ಕೈಗೆ ಸಿಗುವ ಒಂದು ಮೂಳೆಯ ಉಬ್ಬು ಇದೆ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಅಲ್ಲಿಂದಲೇ ಶುರುವಾಗುತ್ತವೆ. ಏನನ್ನಾದರೂ ಬಿಗಿಯಾಗಿ ಹಿಡಿದಾಗಲೆಲ್ಲ ಈ ಜಾಗ ಎಳೆಯುತ್ತದೆ. ಅದೇ ಕೆಲಸ ಮತ್ತೆ ಮತ್ತೆ ಮಾಡಿದರೆ ಸ್ನಾಯುವಿನ ತುದಿಯ ನಾರು ಸವೆಯುತ್ತದೆ. ಸಾಮಾನ್ಯವಾಗಿ 35ರಿಂದ 55 ವಯಸ್ಸಿನವರಲ್ಲಿ ಹೆಚ್ಚು.

ಹೆಸರಿನಲ್ಲಿ ಟೆನಿಸ್ ಇದ್ದರೂ ಇದು ಬರುವ ಬಹುತೇಕರು ರಾಕೆಟ್ ಹಿಡಿದವರೇ ಅಲ್ಲ. ಗಚ್ಚಿಬೌಲಿಯ ಆಫೀಸಿನಲ್ಲಿ ಇಡೀ ದಿನ ಮೌಸ್ ಹಿಡಿಯುವವರು, ಬೈಕಿನ ಕ್ಲಚ್ ಒತ್ತಿ ಒತ್ತಿ ಟ್ರಾಫಿಕ್ ದಾಟುವವರು, ದಿನಾ ಚಪಾತಿ ಲಟ್ಟಿಸುವವರು, ಬಟ್ಟೆ ಹಿಂಡುವವರು, ಊರಿಂದ ಜೋಳದ ಹಿಟ್ಟು, ಚಟ್ನಿಪುಡಿ ತುಂಬಿದ ಚೀಲ ಹೊತ್ತು ಕಾಚಿಗುಡದಲ್ಲಿ ಇಳಿಯುವವರು — ಯಾರಿಗೂ ಬರಬಹುದು.

*ಹೃದಯದ ನೋವೋ, ಮೊಣಕೈ ನೋವೋ?*

ಆ ಉಬ್ಬನ್ನು ಬೆರಳಿನಿಂದ ಒತ್ತಿದರೆ ಜೀವ ಹೋದಂತೆ ನೋಯುತ್ತದೆಯೇ? ಅಂಗೈ ಕೆಳಗೆ ಮಾಡಿ ನೀರು ತುಂಬಿದ ಚೊಂಬು ಎತ್ತಿದರೆ ಅಲ್ಲೇ ಚುಚ್ಚುತ್ತದೆಯೇ? ಹಾಗಿದ್ದರೆ ಹೆಚ್ಚಾಗಿ ಇದು ಮೊಣಕೈಯದೇ ತೊಂದರೆ.

ಆದರೆ ನಡೆದಾಗ, ಮೆಟ್ಟಿಲು ಹತ್ತಿದಾಗ ಕೈ ನೋವು ಬಂದು, ನಿಂತರೆ ಕಡಿಮೆಯಾಗುತ್ತಿದ್ದರೆ ಹೃದಯದ ಪರೀಕ್ಷೆ ತಡಮಾಡಬೇಡಿ. ಜೊತೆಗೆ ಎದೆ ಭಾರ, ದವಡೆ ನೋವು, ಬೆವರು, ಉಸಿರಾಟದ ತೊಂದರೆ ಇದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಬೆರಳು ಜೋಮು ಹಿಡಿಯುತ್ತಿದ್ದರೆ ಕುತ್ತಿಗೆಯ ನರ ನೋಡಿಸಬೇಕು.

*ನಿಜವಾದ ಔಷಧಿ: ವ್ಯಾಯಾಮ*

ಸವೆದ ನಾರು ಪೂರ್ತಿ ವಿಶ್ರಾಂತಿಯಿಂದ ಗಟ್ಟಿಯಾಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಭಾರ ಕೊಟ್ಟರೆ ಗಟ್ಟಿಯಾಗುತ್ತದೆ.

1. ಮುಂಗೈಯನ್ನು ಮೇಜಿನ ಮೇಲಿಡಿ. ಅಂಗೈ ಕೆಳಗೆ, ಮಣಿಕಟ್ಟು ಮೇಜಿನ ಅಂಚಿನಿಂದ ಹೊರಗೆ ಇರಲಿ. ಇನ್ನೊಂದು ಕೈಯಿಂದ ಮೇಲೆ ಒತ್ತಿ ಹಿಡಿದು, ನೋವಿನ ಕೈ ಅಲುಗದಂತೆ ಎದುರು ಒತ್ತಿ. 30 ಸೆಕೆಂಡ್, 4–5 ಸಲ.
2. ಒಂದೆರಡು ವಾರದ ನಂತರ, ಅದೇ ಭಂಗಿಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯಿಂದ ಮೇಲೆತ್ತಿಸಿ, ನೋವಿನ ಕೈಯಿಂದ ಮಾತ್ರ 5 ಎಣಿಸುತ್ತಾ ನಿಧಾನವಾಗಿ ಇಳಿಸಿ. 10–15 ಸಲ, ಮೂರು ಸುತ್ತು, ದಿನಕ್ಕೊಮ್ಮೆ.
3. ಸುಲಭವಾದಾಗ ಭಾರ ಸ್ವಲ್ಪ ಹೆಚ್ಚಿಸಿ.

ಹತ್ತರಲ್ಲಿ ಮೂರು-ನಾಲ್ಕರಷ್ಟು ನೋವು ಬಂದರೆ ಹೆದರಬೇಡಿ. ಮರುದಿನ ಬೆಳಗ್ಗೆಯೂ ನೋವು ಹೆಚ್ಚೇ ಇದ್ದರೆ ಭಾರ ಕಡಿಮೆ ಮಾಡಿ. ಫಲ ಕಾಣಲು 6ರಿಂದ 12 ವಾರ ಬೇಕು. ಚೀಲ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ, ಮೊಣಕೈ ಮೈಗೆ ಹತ್ತಿರವಿರಲಿ.

*ಶಾಕ್‌ವೇವ್ ಮಾಡಿಸಬೇಕೇ?*

ಹೆಸರು ಕೇಳಿ ಕರೆಂಟ್ ಕೊಡುತ್ತಾರೆ ಎಂದುಕೊಳ್ಳಬೇಡಿ. ಇದು ಒತ್ತಡದ ಅಲೆ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ಮೂತ್ರಪಿಂಡದ ಕಲ್ಲು ಒಡೆಯಲು ಬಳಸಿದ ವಿದ್ಯೆಯೇ ಮುಂದೆ ಸ್ನಾಯುಗಳಿಗೂ ಬಂತು. ವಾರಕ್ಕೊಮ್ಮೆಯಂತೆ 3ರಿಂದ 5 ಸಲ ಕೊಡುತ್ತಾರೆ. ಕೊಡುವಾಗ ಸ್ವಲ್ಪ ನೋಯುತ್ತದೆ.

ಫಲದ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 2005ರ ಕಾಕ್ರೇನ್ ಪರಿಶೀಲನೆ ಹೆಚ್ಚಿನ ಲಾಭ ಕಾಣಲಿಲ್ಲ. ನಂತರದ ಕೆಲವು ಅಧ್ಯಯನಗಳಲ್ಲಿ ಲಾಭ ಕಂಡಿದೆ. ಆದ್ದರಿಂದ ನನ್ನ ಸಲಹೆ: ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ನೋವು ಉಳಿದರೆ ಶಾಕ್‌ವೇವ್ ಯೋಚಿಸಬಹುದು. ಆಗಲೂ ವ್ಯಾಯಾಮ ಬಿಡುವ ಹಾಗಿಲ್ಲ.

ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಮೊದಲೇ ಹೇಳಲೇಬೇಕು. ಶಾಕ್‌ವೇವ್‌ಗಾಗಿ ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೊಣಕೈ ಕಾಯುತ್ತದೆ; ಸ್ಟೆಂಟ್ ಕಾಯುವುದಿಲ್ಲ.

*ಮಾತ್ರೆ, ಇಂಜೆಕ್ಷನ್*

ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಮೈಯಲ್ಲಿ ನೀರು ನಿಲ್ಲಿಸುತ್ತವೆ, ಹಾರ್ಟ್ ಅಟ್ಯಾಕ್ ಅಪಾಯ ಹೆಚ್ಚಿಸುತ್ತವೆ. ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಹಚ್ಚುವ ಜೆಲ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೇಕಾದರೆ ವೈದ್ಯರನ್ನು ಕೇಳಿ ಅದನ್ನು ಹಚ್ಚಿ.

ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ. ಆದರೆ 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಆರು ವಾರಕ್ಕೆ ಇಂಜೆಕ್ಷನ್‌ನಿಂದ ಆರಾಮ ಕಂಡ 65 ಜನರಲ್ಲಿ 47 ಜನರಿಗೆ ನೋವು ಮತ್ತೆ ಬಂತು. ಮಧುಮೇಹ ಇದ್ದವರಿಗೆ ಕೆಲವು ದಿನ ಶುಗರ್ ಕೂಡ ಏರುತ್ತದೆ.

*ತಾಳ್ಮೆ ಬೇಕು*

ಸಚಿನ್ ತೆಂಡೂಲ್ಕರ್ ಅವರಿಗೂ ಇದೇ ತೊಂದರೆ ಆಗಿತ್ತು. 2004ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಬೆಂಗಳೂರು ಮತ್ತು ಚೆನ್ನೈ ಟೆಸ್ಟ್‌ಗಳನ್ನು ಅವರು ಆಡಲಾಗಲಿಲ್ಲ. 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಆಪರೇಷನ್ ಆಯಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ 35ನೇ ಟೆಸ್ಟ್ ಶತಕ ಹೊಡೆದರು. ಅಂಥ ಆಟಗಾರರಿಗೇ ತಿಂಗಳುಗಳು ಹಿಡಿದವು. ನಮ್ಮಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಒಂದು ವರ್ಷದೊಳಗೆ ವಾಸಿಯಾಗುತ್ತದೆ.

ಇವತ್ತು ಒಂದು ಕೆಲಸ ಮಾಡಿ. ಊರಲ್ಲಿರುವ ಅಪ್ಪ-ಅಮ್ಮನಿಗೆ ಫೋನ್ ಮಾಡಿ, “ಕೈ ನೋವು, ಮಂಡಿ ನೋವು ಅಂತ ಯಾವ ಮಾತ್ರೆ ತಗೋತಿದೀರಿ?” ಎಂದು ಕೇಳಿ. ಮಾತ್ರೆಯ ಪಟ್ಟಿಯ ಫೋಟೋ ತರಿಸಿಕೊಂಡು ನಿಮ್ಮ ವೈದ್ಯರಿಗೆ ತೋರಿಸಿ.

ಉಪಯೋಗ ಅನ್ನಿಸಿದರೆ ಮನೆಯವರಿಗೆ, ಗೆಳೆಯರಿಗೆ ಕಳಿಸಿ.